ಹನ್ನೆರಡನೇ ಕಾಲಂ

ಪಹಣಿ ತೆಗೆಸಿದವರಿಗೆಲ್ಲ ಆ ಕಾಗದದ ಗುರುತಿದೆ. ಒಂಬತ್ತನೇ ಕಾಲಂನಲ್ಲಿ ಖಾತೆದಾರರ ಹೆಸರು, ಹನ್ನೊಂದರಲ್ಲಿ ಸಾಲ, ಆಧಾರ, ಋಣಗಳು, ಹನ್ನೆರಡರಲ್ಲಿ ಸಾಗುವಳಿ ಮಾಡುವವರ ಹೆಸರು, ಸಾಗುವಳಿಯ ರೀತಿ, ಬೆಳೆ. ಜಮೀನು ಕೊಳ್ಳಲು ಬಂದವರು ಒಂಬತ್ತನ್ನು ನೋಡುತ್ತಾರೆ, ಬ್ಯಾಂಕಿನವರು ಹನ್ನೊಂದನ್ನು. ಹನ್ನೆರಡನ್ನು ಈಗ ಯಾರೂ ನೋಡುವುದಿಲ್ಲ. ನೋಡಿದರೂ ಅಲ್ಲಿರುವುದು ಒಂಬತ್ತರಲ್ಲಿದ್ದ ಹೆಸರೇ, ಪಕ್ಕದಲ್ಲಿ ‘ಸ್ವಂತ’ ಎಂಬ ಒಂದು ಮಾತು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಎಷ್ಟೋ ಹೊಲಗಳ ಮಟ್ಟಿಗೆ ಈ ‘ಸ್ವಂತ’ ಸುಳ್ಳು. ಉಳುವವರು ಬೇರೆ, ಹೆಸರು ಬೇರೆ. ಈ ಸುಳ್ಳಿಗೆ ಹಳೆಯ ಚರಿತ್ರೆಯೊಂದಿದೆ. ಅದನ್ನು ಹೇಳಬೇಕಾದರೆ ಜೋಡಿದಾರರ ಕಾಲಕ್ಕೆ ಹೋಗಬೇಕು.

ನಮ್ಮ ತಾತ ಮಾಗಡಿ ತಾಲ್ಲೂಕಿನ ಒಂದು ಜೋಡಿ ಗ್ರಾಮದ ಒಕ್ಕಲು. ‘ಜೋಡಿ’ ಅಂದರೆ ಎರಡು ಅಂತ ಚಿಕ್ಕಂದಿನಲ್ಲಿ ನಾನು ಅಂದುಕೊಂಡಿದ್ದೆ, ಎರಡು ಊರು ಒಂದಾಗಿದ್ದಿರಬೇಕು ಅಂತ. ಹಾಗಲ್ಲ. ಅರಸರು ಪಂಡಿತರಿಗೆ, ಅಧಿಕಾರಿಗಳಿಗೆ, ಗುಡಿಗೆ, ಮಠಕ್ಕೆ ಊರಿಗೆ ಊರನ್ನೇ ಇನಾಮು ಕೊಡುತ್ತಿದ್ದರು. ಕಂದಾಯ ಪೂರ್ತಿ ಮಾಫಿಯಾದರೆ ಅದು ಸರ್ವಮಾನ್ಯ. ಇಷ್ಟೇ ಎಂದು ಶಾಶ್ವತವಾಗಿ ನಿಗದಿ ಮಾಡಿದರೆ ಕಾಯಂಗುತ್ತ. ಕಂದಾಯದಲ್ಲಿ ಒಂದು ಸಣ್ಣ ಪಾಲು ಮಾತ್ರ ಸರ್ಕಾರಕ್ಕೆ ಕಟ್ಟುವಂತಿದ್ದರೆ, ಆ ಸಣ್ಣ ಪಾಲಿಗೆ ಜೋಡಿ ಎಂದು ಹೆಸರು, ಊರು ಪಡೆದವನು ಜೋಡಿದಾರ. ಊರಿನ ಪೂರ್ತಿ ಕಂದಾಯ 400 ರೂಪಾಯಿ ಎಂದಿಟ್ಟುಕೊಳ್ಳಿ, ಜೋಡಿ 100 ಎಂದುಕೊಳ್ಳಿ. ಜೋಡಿದಾರ ಖಜಾನೆಗೆ ಕಟ್ಟುವುದು ನೂರೇ. ಒಕ್ಕಲುಗಳಿಂದ ಎಷ್ಟು ಎತ್ತುತ್ತಾನೆ ಎಂಬುದು ಅವನಿಗೂ ಅವರಿಗೂ ಬಿಟ್ಟದ್ದು. ಪಕ್ಕದ ಸರ್ಕಾರಿ ಗ್ರಾಮದ ರೈತ ಕಂದಾಯ ಕಟ್ಟಿ ತನ್ನ ಹೊಲಕ್ಕೆ ತಾನೇ ಯಜಮಾನನಾಗಿದ್ದ. ನಡುವೆ ಒಂದು ಹಳ್ಳ, ಒಂದು ಬದು ಅಷ್ಟೇ. ಈ ಕಡೆಯವನು ಮಾತ್ರ ಕೈಕಟ್ಟಿ ‘ಬುದ್ಧಿ’ ಅನ್ನಬೇಕಿತ್ತು. ಇಂಥ ಊರುಗಳು ಹಳೆ ಮೈಸೂರಿನ ಉದ್ದಕ್ಕೂ ಇದ್ದವು.

ಒಕ್ಕಲಿಗೂ ಒಡೆಯನಿಗೂ ನಡುವಿನ ಕಟ್ಟುಪಾಡುಗಳಿಗೆ ನಮ್ಮಲ್ಲಿ ಒಳ್ಳೆಯ ಹೆಸರುಗಳಿದ್ದವು. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಅವನ್ನು ದಾಖಲಿಸಿದ್ದಾರೆ. ಬೆಳೆಯನ್ನು ಸಮಪಾಲು ಮಾಡಿಕೊಂಡರೆ ವಾರ. ಉತ್ತವನಿಗೆ ಎರಡು ಪಾಲು, ಒಡೆಯನಿಗೆ ಒಂದಾದರೆ ಮುಕ್ಕುಪ್ಪೆ. ಕಣದಲ್ಲಿ ಮೂರು ಕುಪ್ಪೆ ಹಾಕಿ ಒಂದನ್ನು ಅತ್ತ ತಳ್ಳಿದರೆ ಲೆಕ್ಕ ಮುಗಿಯಿತು, ಬರಹ ಬೇಡ. ಒಡೆಯನಿಗೆ ಕಾಲುಭಾಗ ಮಾತ್ರವಾದರೆ ಚತುರ್ಭಾಗ, ಇನ್ನೊಂದು ಹೆಸರು ಅರೆಕಂದಾಯ. ಬೆಳೆಯ ಗೊಡವೆಯೇ ಇಲ್ಲದೆ ಇಷ್ಟು ಹಣ ಎಂದು ಮಾತಾದರೆ ಒಳಕಂದಾಯ. ನಾಲ್ಕರಲ್ಲಿ ಇಂದಿಗೂ ನಮ್ಮ ಕಡೆ ಬಾಯಲ್ಲಿ ಉಳಿದಿರುವುದು ವಾರ ಒಂದೇ. ಉಳುವವನಿಗೆ ಹೆಚ್ಚು ಸಿಗುವ ಪದಗಳು ಮರೆತುಹೋಗಿ, ಅರ್ಧ ಬಿಟ್ಟುಕೊಡುವ ಪದ ಮಾತ್ರ ಬದುಕಿದ್ದು ಆಕಸ್ಮಿಕ ಇರಲಾರದು.

ಈ ಕಟ್ಟಳೆಗಳಿಗೆ ನ್ಯಾಯಾಲಯ ಎಂದರೆ ಕಣ. ಅಜ್ಜಿ ಅದನ್ನು ಹೇಳುತ್ತಿದ್ದ ಬಗೆ ನನಗೆ ಈಗಲೂ ನೆನಪಿದೆ. ರಾಗಿ ಒಕ್ಕಣೆ ಮುಗಿದು, ಮೇಟಿ ಕಂಬದ ಸುತ್ತ ತೂರಿದ ರಾಶಿ ನಿಂತ ಮೇಲೆ ಒಕ್ಕಲು ಅದನ್ನು ಮುಟ್ಟುವ ಹಾಗಿಲ್ಲ. ಸುತ್ತ ಬೂದಿಯ ಗೆರೆ ಎಳೆದು, ರಾಶಿಯ ಮೇಲೆ ಮುದ್ರೆ ಒತ್ತುತ್ತಾರೆ. ಒಂದು ಹಿಡಿ ತೆಗೆದರೂ ಗುರುತು ಕೆಡುತ್ತದೆ. ಜೋಡಿದಾರರ ಕಡೆಯವರು ಬರುವವರೆಗೆ, ಅದು ಎರಡು ದಿನವೇ ಆಗಲಿ ವಾರವೇ ಆಗಲಿ, ತಾತ ಕಣದಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದರು. ಸ್ವಂತ ಬೆಳೆಗೆ ತಾನೇ ಕಾವಲು, ತನ್ನಿಂದಲೇ ಕಾವಲು. ಅವರು ಬಂದ ಮೇಲೆ ಪೂಜೆ, ಆಮೇಲೆ ಅಳತೆ. ಮೊದಲ ಕೊಳಗಕ್ಕೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಲಾಭ, ಎರಡು, ಮೂರು... ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ದೇವರ ಪಾಲು, ಬಡಗಿ, ಕಮ್ಮಾರ, ಅಗಸ, ನೀರಗಂಟಿ, ತೋಟಿ, ತಳವಾರರ ಪಾಲು ಎಲ್ಲ ಎದ್ದ ಮೇಲೆ ಉಳಿದದ್ದು ಎರಡು ಭಾಗ.

“ಅಳೆಯೋ ಕೈ ಯಾರದು ಅಂತ ನೋಡ್ಬೇಕು ಕಣ್ ಮಗ” ಅನ್ನುತ್ತಿದ್ದರು ಅಜ್ಜಿ. “ಅವರ ಪಾಲಿಗೆ ಅಳೆಯೋವಾಗ ಕೊಳಗದ ಮೇಲೆ ಗೋಪುರ ಏಳೋದು. ನಮ್ಮ ಪಾಲಿಗೆ ಅಳೆಯೋವಾಗ ತಲೆ ಸವರೋದು.”

ಕಟ್ಟಳೆ ಸಮಪಾಲೇ. ಕೊಳಗವೂ ಒಂದೇ. ಗೋಪುರಕ್ಕೂ ಸವರಿದ ತಲೆಗೂ ಇದ್ದ ವ್ಯತ್ಯಾಸ ಎಲ್ಲಿಯೂ ಬರೆದಿರಲಿಲ್ಲ.

ಬರೆಯದ ಕಟ್ಟಳೆಗಳೆಲ್ಲ ಒಡೆಯನ ಪರವಾಗಿಯೇ ಇದ್ದವೆಂದೂ ಅಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಾರಲ್ಲ, ಅವರೆ, ಹುಚ್ಚೆಳ್ಳು, ಜೋಳ, ಸಾಸಿವೆ, ಅದು ವಾರದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದು ಒಕ್ಕಲು ಮನೆಯ ಹೆಂಗಸರದು. ಜೋಡಿದಾರರು ಸೊನೆ ಅವರೆಕಾಯಿ ಬೇಕಾದರೆ ಹೇಳಿಕಳಿಸಬೇಕು, ಅಜ್ಜಿ ಮಡಿಲು ತುಂಬ ಬಿಡಿಸಿ ಕೊಡಬೇಕು. ಕೇಳದೆ ಕಿತ್ತುಕೊಂಡು ಹೋದದ್ದಿಲ್ಲವಂತೆ. ಹುಲ್ಲು ಒಕ್ಕಲಿಗೆ, ಏಕೆಂದರೆ ಎತ್ತು ಒಕ್ಕಲಿನದು. ಇವನ್ನು ಹೇಳುವಾಗ ಅಜ್ಜಿಯ ದನಿಯಲ್ಲಿ ಒಂದು ಠೀವಿ ಇರುತ್ತಿತ್ತು. ಮರದ ವಿಷಯಕ್ಕೆ ಬಂದರೆ ಆ ಠೀವಿ ಇಳಿಯುತ್ತಿತ್ತು. ಬದುವಿನ ಹುಣಸೆ, ಹೊಂಗೆ, ಮಾವು ಜೋಡಿದಾರರದು, ಒಕ್ಕಲು ನೆಟ್ಟರೂ ಅವರದೇ. ಹಾಗಾಗಿ ಯಾರೂ ನೆಡಲಿಲ್ಲ. ಬಾವಿ ತೋಡಿದರೂ ಅಷ್ಟೇ. ಯಾವತ್ತು ಬಿಡಿಸುತ್ತಾರೋ ಗೊತ್ತಿಲ್ಲದ ಹೊಲಕ್ಕೆ ಯಾರು ಮೈ ಮುರಿದು ಬಾವಿ ತೋಡುತ್ತಾರೆ? ಹಿಂದಿನವರಿಗೆ ದೂರದೃಷ್ಟಿ ಇರಲಿಲ್ಲ, ಸೋಮಾರಿಗಳು ಎನ್ನುವ ಮಾತನ್ನು ಕೇಳಿದಾಗೆಲ್ಲ ನನಗೆ ಆ ಬದು ಕಣ್ಣಮುಂದೆ ಬರುತ್ತದೆ.

ಹೊರಗಿನವನೊಬ್ಬ ಈ ಸೀಮೆಯನ್ನು ಕಾಲ್ನಡಿಗೆಯ ವೇಗದಲ್ಲಿ ನೋಡಿ ಬರೆದಿದ್ದಾನೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಗಾಜಿನ ಬಳೆ, ವಾದ್ಯಗಳ ಉಕ್ಕಿನ ತಂತಿ, ಸಕ್ಕರೆಗಳನ್ನು ನೋಡಿ ಹೋದ. ಶ್ರೀರಂಗಪಟ್ಟಣದ ಕಣಗಳಲ್ಲಿ ರಾಶಿ ಹೇಗೆ ಹಂಚಿಹೋಗುತ್ತದೆ, ಯಾರ ಪಾಲು ಎಷ್ಟು ಎಂಬುದನ್ನೂ ವಿವರವಾಗಿ ಗುರುತು ಹಾಕಿಕೊಂಡ. ಅವನು ಇಂಗ್ಲೆಂಡಿನವನಲ್ಲ, ಸ್ಕಾಟ್ಲೆಂಡಿನವನು, ಪರ್ತ್‌ಶೈರ್‌ನ ಕ್ಯಾಲಂಡರ್ ಕಡೆಯವನು. ಅವನ ಊರಿನ ಕಡೆಯೂ ನೆಲವೆಲ್ಲ ದೊಡ್ಡ ಮನೆತನಗಳ ಕೈಯಲ್ಲಿತ್ತು. ಅಲ್ಲಿಯ ಒಕ್ಕಲು ವರ್ಷಕ್ಕೆರಡು ಗಡುವಿಗೆ, ಮೇ ತಿಂಗಳಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ, ಗೇಣಿ ಒಪ್ಪಿಸಬೇಕಿತ್ತು. ಅನೇಕ ಕಡೆ ಒಡೆಯನ ಗಿರಣಿಯಲ್ಲೇ ಕಾಳು ಬೀಸಿಸಿ, ಬೀಸಿದ್ದಕ್ಕೆ ಪಾಲು ಬಿಟ್ಟುಬರಬೇಕಿತ್ತು. ಒಡೆಯ ಕರೆದಾಗ ಬಿಟ್ಟಿ ಕೆಲಸಕ್ಕೂ ಹೋಗಬೇಕಿತ್ತು. ನಮ್ಮ ಕಣದ ಪಕ್ಕ ನಿಂತಾಗ ಬುಕಾನನ್‌ಗೆ ಅದೇನೂ ವಿಚಿತ್ರ ಅನ್ನಿಸಿರಲಾರದು. ಉತ್ತರ ಸ್ಕಾಟ್ಲೆಂಡಿನ ಸಣ್ಣ ಒಕ್ಕಲುಗಳನ್ನು ಕುರಿ ಸಾಕಣೆಗಾಗಿ ಒಕ್ಕಲೆಬ್ಬಿಸಿದ ದೊಡ್ಡ ಅನ್ಯಾಯದ ನಂತರ, ಜನ ತಿರುಗಿಬಿದ್ದ ಮೇಲೆ, 1886ರಲ್ಲಿ ಅಲ್ಲೊಂದು ಕಾಯ್ದೆ ಬಂತು. ಗೇಣಿ ಕಟ್ಟುತ್ತಿರುವ ತನಕ ಎಬ್ಬಿಸುವಂತಿಲ್ಲ, ಗೇಣಿ ಎಷ್ಟೆಂದು ಆಯೋಗ ತೀರ್ಮಾನಿಸುತ್ತದೆ, ಒಕ್ಕಲು ಮಾಡಿದ ಸುಧಾರಣೆಗೆ ಬಿಟ್ಟುಹೋಗುವಾಗ ಪರಿಹಾರ, ಹಕ್ಕು ಮಕ್ಕಳಿಗೂ. ನಮ್ಮಲ್ಲಿ ಅಂಥದ್ದಕ್ಕೆ ಇನ್ನೂ ಸುಮಾರು ಎಪ್ಪತ್ತು ವರ್ಷ ಕಾಯಬೇಕಾಯಿತು.

ಕಾದದ್ದನ್ನು ಮುಗಿಸಿದವರಲ್ಲಿ ಒಬ್ಬರು ಇದೇ ಸೀಮೆಯವರು ಎಂಬುದನ್ನು ರಾಮನಗರದವರು ಇನ್ನಷ್ಟು ಜೋರಾಗಿ ಹೇಳಿಕೊಳ್ಳಬಹುದು. ಲಕ್ಕಪ್ಪನಹಳ್ಳಿಯ ಕೆಂಗಲ್ ಹನುಮಂತಯ್ಯ ಎಂದೊಡನೆ ವಿಧಾನಸೌಧ ನೆನಪಾಗುತ್ತದೆ. ಅವರು ಮುಖ್ಯಮಂತ್ರಿಯಾಗಿದ್ದಾಗಲೇ ಮೈಸೂರು ವೈಯಕ್ತಿಕ ಮತ್ತು ಇತರ ಇನಾಮುಗಳ ರದ್ದತಿ ಕಾಯ್ದೆ, 1954 ಬಂತು, ಅದರ ಬೆನ್ನಿಗೆ 1955ರಲ್ಲಿ ಗುಡಿ, ಮಠ, ಧರ್ಮಸಂಸ್ಥೆಗಳ ಇನಾಮಿನ ಕಾಯ್ದೆ. ವಿಧಾನಸೌಧದ ಕಲ್ಲು ಎಲ್ಲರ ಕಣ್ಣಿಗೆ ಬೀಳುತ್ತದೆ. ಈ ಎರಡು ಕಾಯ್ದೆಗಳಿಂದ ಮಾಗಡಿ, ಚನ್ನಪಟ್ಟಣದ ಎಷ್ಟು ಮನೆಗಳಲ್ಲಿ ರಾಗಿ ಕಣಜದ ಮಟ್ಟ ಏರಿತು ಎಂಬುದು ಬೀಳುವುದಿಲ್ಲ.

ಕಾಯ್ದೆ ಒಕ್ಕಲುಗಳನ್ನು ಒಂದೇ ಗುಂಪು ಮಾಡಲಿಲ್ಲ, ಅಲ್ಲೇ ಸೂಕ್ಷ್ಮ ಇರುವುದು. ಮೊದಲ ದರ್ಜೆ ಕದೀಂ ಒಕ್ಕಲು. ಕದೀಂ ಅಂದರೆ ಹಳೆಯ ಎಂದರ್ಥ, ತಲೆತಲಾಂತರದಿಂದ ಬೇರು ಬಿಟ್ಟವರು. ಎರಡನೆಯದು ಕಾಯಂ ಒಕ್ಕಲು, ಮೂರನೆಯದು ಅರೆಕಾಯಂ. ಈ ಮೂವರೂ ತಮ್ಮ ಹೊಲಕ್ಕೆ ಸರ್ಕಾರದ ನೇರ ರೈತರಾಗಿ ದಾಖಲಾಗಬಹುದಿತ್ತು. ಉಳಿದ ಒಕ್ಕಲುಗಳಿಗೆ ಒಕ್ಕಲಾಗಿಯೇ ಮುಂದುವರಿಯುವ ಹಕ್ಕು ಮಾತ್ರ. ಇನಾಮುದಾರ ತಾನೇ ಸಾಗುವಳಿ ಮಾಡಿಸುತ್ತಿದ್ದ ಜಮೀನಿಗೆ ಅವನೇ ಖಾತೆದಾರ. ತೀರ್ಮಾನಿಸಲು ಇನಾಮು ರದ್ದತಿಯ ವಿಶೇಷ ಜಿಲ್ಲಾಧಿಕಾರಿ. ಅವರ ಮುಂದೆ ನಿಂತಾಗ ‘ನಾನು ಕದೀಂ’ ಎನ್ನಲು ಏನು ಆಧಾರ? ಹಳೆಯ ರಸೀದಿ, ಕಡತದಲ್ಲಿ ಹೆಸರು. ಬೂದಿಯ ಗೆರೆಯನ್ನು ಸಾಕ್ಷಿಗೆ ತರಲಾಗುವುದಿಲ್ಲ.

ತಾತ ಎರಡು ತುಂಡು ಮಾಡುತ್ತಿದ್ದರು. ಊರ ಹಿಂದಿನ ಹೊಲಕ್ಕೆ ಅವರಪ್ಪನ ಕಾಲದ ರಸೀದಿಗಳು ಒಂದು ತಗಡಿನ ಡಬ್ಬಿಯಲ್ಲಿದ್ದವು, ಅದು ನಮ್ಮದಾಯಿತು. ಕೆರೆ ಕೆಳಗಿನ ಗದ್ದೆ ವಾರದ್ದು. ಅದಕ್ಕೆ ಕಾಗದವೇ ಇರಲಿಲ್ಲ. ವಾರಕ್ಕೆ ರಸೀದಿ ಕೇಳುವುದೆಂದರೆ ದೇವರ ಮುಂದೆ ಅಳೆದದ್ದನ್ನು ಅನುಮಾನಿಸಿದ ಹಾಗೆ. ಅದು ಜೋಡಿದಾರರ ಹೆಸರಿಗೆ ದಾಖಲಾಯಿತು, ತಾತ ವಾರಕ್ಕೆ ಮಾಡುತ್ತಲೇ ಇದ್ದರು.

ಗುಡಿ ಇನಾಮುಗಳದು ಇನ್ನೊಂದು ಕತೆ, ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಜಮೀನು ಹೋದ ದೇವರಿಗೆ ಸರ್ಕಾರ ವರ್ಷಕ್ಕಿಷ್ಟು ಎಂದು ತಸ್ತೀಕು ಗೊತ್ತುಮಾಡಿತು. ಆ ತಸ್ತೀಕಿನಲ್ಲಿ ದೀಪದ ಎಣ್ಣೆಯೂ ಬರುವುದಿಲ್ಲ ಎಂದು ಹಳ್ಳಿ ಗುಡಿಯ ಅರ್ಚಕರು ದೂರುತ್ತಲೇ ಬಂದಿದ್ದಾರೆ, ಅದರಲ್ಲಿ ನ್ಯಾಯವಿದೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ, ಆದರೆ ಸರಿಯಾಗಿ ಗೊತ್ತಿಲ್ಲ. ಭೂಸುಧಾರಣಾ ಕಾಯ್ದೆಯನ್ನು ತಂದವರು ದೇವರಾಜ ಅರಸು ಅಂತಲೇ ಜನ ಹೇಳುತ್ತಾರೆ. ಕಾಯ್ದೆ 1961ರದು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ನೀರಾವರಿ ಜಮೀನಿಗೆ ಬೆಳೆಯ ಕಾಲುಭಾಗ, ಉಳಿದದ್ದಕ್ಕೆ ಐದರಲ್ಲೊಂದು ಭಾಗ ಗೇಣಿ ಎಂದು ಅದು ಹೇಳಿತು. ಕಣದಲ್ಲಿ ಮಾತ್ರ ಅರ್ಧವೇ ನಡೆಯಿತು. ಅರಸು ಮಾಡಿದ್ದು 1974ರ ತಿದ್ದುಪಡಿ, ಅದು ಬೇರೆಯೇ ಜಾತಿಯ ಪ್ರಾಣಿ. ಗೇಣಿ ಎಷ್ಟೆಂಬ ಗೊಡವೆಯನ್ನೇ ಬಿಟ್ಟು ಗೇಣಿಯನ್ನೇ ಎತ್ತಿಹಾಕಿತು. 1974ರ ಮಾರ್ಚ್ 1ರಂದು ಒಕ್ಕಲುಗಳ ಕೈಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಫಾರಂ 7 ತುಂಬಿ ಕೇಳಬೇಕು, ತಾಲ್ಲೂಕು ಭೂ ನ್ಯಾಯಮಂಡಳಿ ಕೊಡಬೇಕು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು, ಅವರಲ್ಲಿ ಪರಿಶಿಷ್ಟ ಜಾತಿ ಪಂಗಡದವರೊಬ್ಬರು ಇರಲೇಬೇಕು. ವಕೀಲರಿಗೆ ಪ್ರವೇಶವಿಲ್ಲ. ಈ ಕೊನೆಯ ಮಾತನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಕಪ್ಪು ಕೋಟು ಕಂಡೊಡನೆ ಒಕ್ಕಲಿನ ನಾಲಗೆ ಒಣಗುತ್ತದೆಂದು ಯಾರಿಗೋ ಗೊತ್ತಿತ್ತು. ಅರ್ಜಿಯ ಗಡುವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿ ಬಿದ್ದವು, ಅರ್ಧಕ್ಕಿಂತ ಹೆಚ್ಚು ಒಕ್ಕಲುಗಳ ಪರವಾಗಿ ಇತ್ಯರ್ಥವಾದವು. ಇದರ ದೊಡ್ಡ ಬೆಳೆ ಬಂದದ್ದು ಕರಾವಳಿ, ಮಲೆನಾಡಿನಲ್ಲಿ. ನಮ್ಮ ಬಯಲುಸೀಮೆಯಲ್ಲಿ ಒಕ್ಕಲುತನ ಜೋಡಿ ಗ್ರಾಮಗಳಲ್ಲಿ, ಗುಡಿ ಜಮೀನುಗಳಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆಯಂತೆ ಇತ್ತು. ಗಲಾಟೆ ಕಡಿಮೆ, ಚಳವಳಿ ಇಲ್ಲ. ಹೆದರಿಕೆಯೂ ನಾಚಿಕೆಯೂ ಮನೆಯೊಳಗೇ ಉಳಿದವು.

ತಾತ ಫಾರಂ 7 ತಂದರು. ತುಂಬಿಸಿದರು. ಕೊಡಲಿಲ್ಲ. ಜೋಡಿದಾರರ ಮಗ ಮನೆಗೆ ಬಂದು ಜಗಲಿಯ ಮೇಲೆ ಕೂತು, “ನೀನೂ ಅರ್ಜಿ ಹಾಕ್ತೀಯೇನಪ್ಪ?” ಅಂದರಂತೆ. ಬೈಯಲಿಲ್ಲ, ಹೆದರಿಸಲಿಲ್ಲ, ಅಷ್ಟೇ ಕೇಳಿದ್ದು. “ಉಂಡ ಮನೆ” ಅಂದರು ತಾತ. ಅಜ್ಜಿ ಸಾಯುವ ತನಕ ಇದನ್ನು ಕ್ಷಮಿಸಲಿಲ್ಲ. “ಯಾರು ಯಾರ ಮನೆ ಉಂಡದ್ದು?” ಎಂಬುದು ಅವರ ಪ್ರಶ್ನೆ. ತಾತ ಅರ್ಜಿ ಹಾಕಿದ್ದರೂ ಗೆಲ್ಲುತ್ತಿದ್ದರೋ ಇಲ್ಲವೋ ಎಂದು ಆಮೇಲೆ ನಾನು ಹಳೆಯ ಪಹಣಿ ತೆಗೆಸಿ ನೋಡಿದೆ. ಹನ್ನೆರಡನೇ ಕಾಲಂನಲ್ಲಿ ವರ್ಷ ವರ್ಷವೂ ಜೋಡಿದಾರರ ಹೆಸರು, ಮುಂದೆ ‘ಸ್ವಂತ’. ಪಹಣಿಯಲ್ಲಿ ಬರೆದದ್ದು ಸುಳ್ಳೆಂದು ಸಾಬೀತಾಗುವವರೆಗೆ ಸತ್ಯ ಎನ್ನುತ್ತದೆ 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ. ಬರೆದ ಕೈ ಯಾರದೋ, ಅವರ ಮೇಲೆ ನನಗೆ ಸಿಟ್ಟಿಲ್ಲ. ಹೊಲಕ್ಕೆ ಬರದೆ ಜಗಲಿಯಲ್ಲಿ ಕೂತು ಕೇಳಿ ಬರೆದಿರಬೇಕು. ಆ ಜಗಲಿ ಯಾರದಾಗಿತ್ತು ಎಂಬುದಷ್ಟೇ ವಿಷಯ. ಅರ್ಜಿ ಹಾಕದೆ ಉಳಿದವರಿಗಾಗಿ 1998ರಲ್ಲಿ ಫಾರಂ 7ಎ ಎಂಬ ಇನ್ನೊಂದು ಬಾಗಿಲು ತೆರೆದರು. ಅಷ್ಟು ಹೊತ್ತಿಗೆ ತಾತನೂ ಇರಲಿಲ್ಲ, ಗದ್ದೆಯೂ ಕೈಬಿಟ್ಟಿತ್ತು.

1974ರ ಕಾಯ್ದೆ ಇನ್ನೊಂದು ಬೀಗ ಹಾಕಿತು. ಇನ್ನು ಮುಂದೆ ಯಾರೂ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ, ಸೈನಿಕರಿಗೂ ಹಡಗಿನ ನಾವಿಕರಿಗೂ ಮಾತ್ರ ವಿನಾಯಿತಿ. ಉದ್ದೇಶ ಒಳ್ಳೆಯದು, ಹೊಸ ಜೋಡಿದಾರರು ಹುಟ್ಟಬಾರದು. ಆದರೆ ಜಮೀನಿನವರು ಬೆಂಗಳೂರು ಸೇರುವುದನ್ನು, ಮಕ್ಕಳಿಲ್ಲದ ವಿಧವೆಗೆ ಉಳುವ ಶಕ್ತಿ ಇಲ್ಲದಿರುವುದನ್ನು ಕಾಯ್ದೆ ತಡೆಯಲಾರದು. ವಾರ ನಿಲ್ಲಲಿಲ್ಲ, ಬಾಯಿಗೆ ಮಾತ್ರ ಬೀಗ ಬಿತ್ತು. 2020ರಲ್ಲಿ 79ಎ, 79ಬಿ ಕಲಂ ತೆಗೆದುಹಾಕಿ, ರೈತರಲ್ಲದವರೂ ಜಮೀನು ಕೊಳ್ಳಬಹುದು ಎಂದಾಯಿತು. ಕೊಳ್ಳುವ ಬಾಗಿಲು ಹೀಗೆ ತೆರೆದಿದೆ, ಗೇಣಿಯ ಬಾಗಿಲು ಮುಚ್ಚಿಯೇ ಇದೆ. ಬೆಂಗಳೂರಿನ ಮಗ್ಗುಲಲ್ಲಿರುವ ಈ ತಾಲ್ಲೂಕುಗಳಲ್ಲಿ ಅದರ ಅರ್ಥ ಏನೆಂದು ವಿವರಿಸಬೇಕಿಲ್ಲ. ಜಿಲ್ಲೆಯ ಹೆಸರೇ 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು.

ಹೋದ ತಿಂಗಳು ಕನಕಪುರ ರಸ್ತೆಯಿಂದ ಒಳಕ್ಕೆ ಒಂದು ರೇಷ್ಮೆ ಹುಳದ ಮನೆಗೆ ಹೋಗಿದ್ದೆ. ಹುಳ ಹಣ್ಣಾಗಿತ್ತು. ಗಂಡ ಹೆಂಡತಿ ಇಬ್ಬರೂ ನಿದ್ದೆಯಿಲ್ಲದ ಕಣ್ಣಲ್ಲಿ ಮೈ ಜೇನುಬಣ್ಣಕ್ಕೆ ತಿರುಗಿದ ಹುಳಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ನಾಲ್ಕು ಜ್ವರ ದಾಟಿಸಿ, ಹಗಲು ರಾತ್ರಿ ಸೊಪ್ಪು ಹಾಕಿ ಇಲ್ಲಿಗೆ ತಂದಿದ್ದಾರೆ. ತೋಟ ಅವರದಲ್ಲ. ಹಿಪ್ಪುನೇರಳೆ, ಬೋರ್‌ವೆಲ್, ಹುಳದ ಮನೆ ಮಾಲೀಕರದು. ಮೈಕೆಲಸ ಇವರದು. ಚಾಕಿ ಹುಳ, ಗೊಬ್ಬರದ ಖರ್ಚು ಅರ್ಧ ಅರ್ಧ. ಗೂಡು ಮಾರಿದ ಹಣದಲ್ಲೂ ಅರ್ಧ ಅರ್ಧ. ಹುಳಕ್ಕೆ ರೋಗ ಬಂದು ಬೆಳೆ ಹೋದರೆ? “ಅವರದು ಸೊಪ್ಪು ಹೋಯ್ತದೆ, ನಮ್ದು ತಿಂಗಳು ಹೋಯ್ತದೆ” ಅಂದರು ಆ ಹೆಂಗಸು, ಕೈ ನಿಲ್ಲಿಸದೆ.

ಕಾಗದ ಇದೆಯೇ ಎಂದೆ. ಇಬ್ಬರೂ ನಕ್ಕರು. ಇನ್ನೊಂದು ಕರಾರು ಮಾತ್ರ ಮೊದಲ ದಿನವೇ ಆಗಿದೆ. ಮೂರು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ಹೆಚ್ಚು ದಿನ ಇದ್ದರೆ ಹಕ್ಕು ಬಂದುಬಿಡುತ್ತದೆ ಎಂಬ ಅಂಜಿಕೆ. ಹಕ್ಕು ಕೇಳುವ ಗಡುವು ಎಂದೋ ಮುಗಿದಿದೆ ಎಂದು ಮಾಲೀಕರಿಗೆ ಹೇಳುವವರಿಲ್ಲ, ಹೇಳಿದರೂ ನಂಬುವುದಿಲ್ಲ. ಅರ್ಧ ಶತಮಾನದ ಹಿಂದಿನ ಫಾರಂ 7ರ ಭೂತ ಇನ್ನೂ ಜಗಲಿಯಲ್ಲಿ ಕೂತಿದೆ. ಆಗ ಅದು ಒಕ್ಕಲಿಗೆ ಹೊಲ ಕೊಡಿಸಿತು, ಈಗ ಅದೇ ನೆನಪು ವಾರದವನನ್ನು ಊರಿಂದೂರಿಗೆ ಓಡಾಡಿಸುತ್ತಿದೆ.

ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವುದು ಇವರೇ. ಹರಾಜಾದ ಲಾಟಿನ ಹಣ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ, ಖಾತೆ ಪಹಣಿಯವರದು. ಮಾಲೀಕರು ಒಳ್ಳೆಯವರು, ಎರಡು ದಿನದಲ್ಲಿ ಇವರ ಪಾಲು ಫೋನಿನಲ್ಲಿ ಕಳಿಸುತ್ತಾರಂತೆ. ಮಳೆ ಕೈಕೊಟ್ಟಾಗ ಬರುವ ಪರಿಹಾರ, ಪಿಎಂ ಕಿಸಾನ್, ಸೊಸೈಟಿಯ ಬಡ್ಡಿಯಿಲ್ಲದ ಸಾಲ, ಬೆಳೆ ವಿಮೆ ಎಲ್ಲವೂ ಪಹಣಿಯ ಹೆಸರನ್ನೇ ಹುಡುಕಿಕೊಂಡು ಹೋಗುತ್ತವೆ. ಒಮ್ಮೆ ಬೆಳೆ ಸಮೀಕ್ಷೆಯ ಹುಡುಗ ಮೊಬೈಲ್ ಹಿಡಿದು ಬಂದು ತೋಟದ ಫೋಟೊ ತೆಗೆದುಕೊಂಡು ಹೋದ. ಆ್ಯಪಿನಲ್ಲಿ ಬೆಳೆಯ ಹೆಸರು ಸರಿಯಾಗಿಯೇ ಬಂತು.

ದಾರಿ ಇಲ್ಲವೆಂದಲ್ಲ. ಆಂಧ್ರದವರು 2019ರಲ್ಲಿ ಬೆಳೆ ಸಾಗುವಳಿದಾರರ ಕಾಯ್ದೆ ಮಾಡಿದರು. ಹನ್ನೊಂದು ತಿಂಗಳಿಗೊಂದು ಕಾರ್ಡು, ನೆಲದ ಹಕ್ಕು ಮಾಲೀಕನಿಗೇ, ಸಾಲ, ವಿಮೆ, ಪರಿಹಾರ ಮಾತ್ರ ಬೆಳೆ ಇಟ್ಟವನಿಗೆ. ಮಾಲೀಕರ ಒಪ್ಪಿಗೆ ಬೇಕೆಂಬುದು ಅದರ ಹುಳುಕು, ಎಷ್ಟೋ ಜನ ಸಹಿ ಹಾಕುವುದಿಲ್ಲ. ಹಾಗಿದ್ದರೂ ಅಲ್ಲಿಯ ವಾರದವನಿಗೆ ಒಂದು ಹೆಸರಾದರೂ ಇದೆ. ನೀತಿ ಆಯೋಗವೂ 2016ರಲ್ಲೇ ಗೇಣಿಗೊಂದು ಮಾದರಿ ಕಾಯ್ದೆಯ ಕರಡು ಮುಂದಿಟ್ಟಿತು. ಗೇಣಿ ಮುಕ್ತವಾದರೆ ಸಣ್ಣ ರೈತರ ನೆಲವನ್ನೆಲ್ಲ ದೊಡ್ಡ ಕಂಪನಿಗಳು ಗೇಣಿಗೆ ಹಿಡಿಯುತ್ತವೆ ಎಂದು ನಮ್ಮ ರೈತ ಚಳವಳಿಯ ಗೆಳೆಯರು ವಾದಿಸುತ್ತಾರೆ. ಆ ಭಯ ಹುಸಿಯಲ್ಲ. ಆದರೆ ಮಿತಿ ಹಾಕಿ ಬರೆಯಬಹುದು. ಇಷ್ಟು ಎಕರೆಯ ಒಳಗೆ, ಮೈಮುರಿದು ದುಡಿಯುವ ಕುಟುಂಬಕ್ಕೆ ಮಾತ್ರ ಎಂದು. 1974ರಲ್ಲಿ ವಕೀಲರನ್ನೇ ಹೊರಗಿಟ್ಟು ಕಾಯ್ದೆ ಬರೆದ ರಾಜ್ಯಕ್ಕೆ ಅಷ್ಟು ಬರೆಯಲು ಬರುವುದಿಲ್ಲವೇ? ಹೊಸ ಕಚೇರಿ, ಹೊಸ ರಿಜಿಸ್ಟರ್ ಏನೂ ಬೇಡ. ಹನ್ನೆರಡನೇ ಕಾಲಂ ಇದ್ದೇ ಇದೆ.

ಹೊರಡುವಾಗ ಆ ಗಂಡಸು ಹಿತ್ತಲ ಬದುವಿನವರೆಗೆ ಬಂದರು. ಅಲ್ಲಿ ಸಾಲಾಗಿ ನುಗ್ಗೆ ನೆಟ್ಟಿದ್ದರು, ಎದೆಯೆತ್ತರ ಬಂದಿತ್ತು. ನೀವೇ ನೆಟ್ಟದ್ದಾ ಎಂದೆ. “ನುಗ್ಗೆ ಬೇಗ ಕಾಯಿ ಬಿಡ್ತದಲ್ಲ ಸಾರ್, ಅದಕ್ಕೆ” ಅಂದರು. ಮಾವು, ಹುಣಸೆ ನೆಡಲು ಹೋಗಿಲ್ಲ. ಬರುವ ಯುಗಾದಿಗೆ ಅವರಿಗೆ ಅಲ್ಲಿ ಮೂರು ವರ್ಷ ತುಂಬುತ್ತದೆ. ಹಾರೋಹಳ್ಳಿ ಕಡೆ ಇನ್ನೊಂದು ತೋಟ ನೋಡಿಟ್ಟಿದ್ದಾರಂತೆ.